ಲ್ಯಾಪ್‌ಟಾಪ್ ಹಿಡಿದು ಕೂತ ಅಣ್ಣ

ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಿಂದ ಮೂರು ತಿಂಗಳಿಗೆ ಕೇಳಿ ತಂದ ರೋಬೋಟ್ ಅದು. ಹೆಸರು ನಾವ್. ಫ್ರಾನ್ಸಿನ ಅಲ್ಡೆಬರಾನ್ ಕಂಪನಿ ಮಾಡಿದ್ದು. ಎತ್ತರ 58 ಸೆಂಟಿಮೀಟರ್, ತೂಕ 5 ಕೆಜಿಗಿಂತ ಸ್ವಲ್ಪ ಜಾಸ್ತಿ. ಮಗುವನ್ನು ಎತ್ತಿಕೊಂಡ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು ಬರಬಹುದು. 'ನಾವ್ ಬಂತು' ಅಂದರೆ ನಮ್ಮ ಸೆಂಟರಿನ ಆಯಮ್ಮ ಪ್ರತಿ ಸಲ ತಿದ್ದುತ್ತಿದ್ದರು, "ನಾವು ಬಂದ್ವಿ ಅನ್ನಿ ಮೇಡಂ."

ನಾನು ಮೈಸೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಮನುಷ್ಯರ ಮುಖವೇ ಒಂದು ಗದ್ದಲ. ಹುಬ್ಬು, ಕಣ್ಣು, ತುಟಿ ಎಲ್ಲ ಒಟ್ಟಿಗೆ ಅಲ್ಲಾಡುತ್ತವೆ. ರೋಬೋಟ್ ಹಾಗಲ್ಲ, ನಿನ್ನೆ ಮಾಡಿದ್ದನ್ನೇ ಇವತ್ತೂ ಹಾಗೇ ಮಾಡುತ್ತದೆ. ಬ್ರಿಟನ್ನಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದವರು ಕಾಸ್ಪರ್ ಎಂಬ ರೋಬೋಟಿನ ಮುಖವನ್ನು ಬೇಕಂತಲೇ ಸರಳವಾಗಿ ಇಟ್ಟಿದ್ದು ಇದಕ್ಕೇ. ಹಾಗಂತ ಎಲ್ಲ ಮಕ್ಕಳಿಗೂ ಇಷ್ಟವಾಗುತ್ತದೆ ಅಂದುಕೊಳ್ಳಬೇಡಿ. ಒಬ್ಬಳು ಪುಟ್ಟಿ ಅದರ ಮೋಟಾರಿನ ಸದ್ದಿಗೇ ಅಳುತ್ತಿದ್ದಳು. ಅವಳಿಗೆ ಬೇಡವೇ ಬೇಡ ಅಂತ ಬಿಟ್ಟೆವು.

ನಮ್ಮ ನಾವ್‌ಗೆ ಕನ್ನಡ ಬರುತ್ತಿರಲಿಲ್ಲ. ಅಕ್ಕನ ಮಗಳ ಕೈಲಿ ಮಾತು ರೆಕಾರ್ಡ್ ಮಾಡಿಸಿ ತುಂಬಿದೆವು. ಮೊದಲ ಸಲ ನಾನೇ ಎಡವಟ್ಟು ಮಾಡಿದ್ದೆ, 'ಕೈಯನ್ನು ಮೇಲಕ್ಕೆ ಎತ್ತು' ಅಂತ ಬರೆದುಕೊಟ್ಟಿದ್ದೆ. ಯಾವ ಮನೆಯಲ್ಲಿ ಹೀಗೆ ಮಾತಾಡುತ್ತಾರೆ? ಎಲ್ಲ ಅಳಿಸಿ ಮತ್ತೆ ಮಾಡಿದೆವು: 'ಕೈ ಎತ್ತು', 'ಮೂಗೆಲ್ಲಿ?', 'ಭೇಷ್!' ಇನ್ನೊಂದು ವಿಷಯ. ನಿಲ್ಲಿಸಿಯೇ ಇಟ್ಟರೆ ಅದರ ಕಾಲಿನ ಮೋಟಾರ್ ಬಿಸಿಯಾಗುತ್ತದೆ. ಕೂರಿಸಿಯೇ ಆಡಿಸಿ.

ರೋಬೋಟ್ ತಾನಾಗಿ ಏನೂ ಮಾಡುತ್ತಿರಲಿಲ್ಲ. ಗೊಂಬೆಯಾಟದಲ್ಲಿ ಸೂತ್ರ ಹಿಡಿದವರು ಪರದೆ ಹಿಂದೆ ಇರುತ್ತಾರಲ್ಲ, ಹಾಗೆ ಆ ಕಾಲೇಜಿನ ಹುಡುಗನೊಬ್ಬ ಮಗುವಿನ ಬೆನ್ನ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕೂರುತ್ತಿದ್ದ. ಮಗು ಕೈ ಎತ್ತಿತಾ, ಒಂದು ಕೀ ಒತ್ತು, 'ಭೇಷ್'.

ಐದು ವರ್ಷದ ಹುಡುಗನೊಬ್ಬ ಬರುತ್ತಿದ್ದ. ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ. ಬೇಕಾದ ವಸ್ತುವಿನ ಹತ್ತಿರ ಅಮ್ಮನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗುತ್ತಿದ್ದ, ಅಷ್ಟೇ. ಎರಡನೇ ಸೆಷನ್ನಿಗೇ ನಾವ್ ಜೊತೆ ಕೈ ಎತ್ತಿದ. ಅವರಮ್ಮನ ಕಣ್ಣಲ್ಲಿ ನೀರು. ನಾನೂ ಬೀಗಿದೆ. ಆಮೇಲೆ ನಾನು ಎದುರು ಕೂತು 'ಕೈ ಎತ್ತು' ಅಂದೆ. ಊಹೂಂ. ಅವರಮ್ಮ ಅಂದರು. ಊಹೂಂ. ರೋಬೋಟ್ ಹೇಳಿದರೆ ಮಾತ್ರ. ಇದರಿಂದ ಏನು ಬಂತು ಹೇಳಿ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 12 ಮಕ್ಕಳ ಮನೆಯಲ್ಲಿ ಒಂದು ತಿಂಗಳು ರೋಬೋಟ್ ಇಟ್ಟು, ದಿನಾ ಅರ್ಧ ಗಂಟೆ ಆಡಿಸಿ, 2018ರಲ್ಲಿ ಅದರ ವರದಿ ಕೊಟ್ಟರು. ಅದರಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದೇ: ರೋಬೋಟ್ ಎದುರಿಗಿಲ್ಲದಾಗಲೂ ಮಕ್ಕಳು ದೊಡ್ಡವರ ಜೊತೆ ಗಮನ ಹಂಚಿಕೊಳ್ಳುವುದು, ಅಂದರೆ ಇಬ್ಬರೂ ಒಟ್ಟಿಗೆ ಒಂದೇ ವಸ್ತುವಿನ ಕಡೆ ಗಮನ ಕೊಡುವುದು, ಸುಧಾರಿಸಿತ್ತು. ಅವರ ಆಟಗಳಲ್ಲಿ ಮನೆಯವರೂ ಪಕ್ಕದಲ್ಲೇ ಕೂರುತ್ತಿದ್ದರು.

ಏಳನೇ ಸೆಷನ್. ಹುಡುಗ ನಾವ್ ಕಡೆ ನೋಡುವುದನ್ನೇ ಬಿಟ್ಟ. ಕತ್ತು ಹಿಂದಕ್ಕೆ ತಿರುಗಿಸಿದ. 'ಟಕ್' ಅಂತ ಕೀ ಸದ್ದು, ಒಂದು ಕ್ಷಣ ಬಿಟ್ಟು ರೋಬೋಟಿನ ಕೈ ಮೇಲೆ. ಮತ್ತೆ ಟಕ್, ಮತ್ತೆ ಕೈ. ಎದ್ದು ಹೋದವನೇ ಆ ಕಾಲೇಜು ಹುಡುಗನ ತೋರುಬೆರಳು ಹಿಡಿದು ಕೀ ಮೇಲೆ ಇಟ್ಟ. ನಾವ್ ಕೈ ಎತ್ತಿತು. ಇವನು ಕಿಲಕಿಲ ನಕ್ಕ.

"ಏನ್ಮಾಡ್ಲಿ ಮೇಡಂ?" ಪಾಪ, ಅವನಿಗೆ ಗಾಬರಿ.

ಲ್ಯಾಪ್‌ಟಾಪನ್ನು ಪಕ್ಕದ ರೂಮಿಗೆ ಸಾಗಿಸೋಣ ಅಂತಲೇ ಮೊದಲು ಅನಿಸಿತು. ಮಾರನೇ ಸಲ ಉಲ್ಟಾ ಮಾಡಿದೆ. ಲ್ಯಾಪ್‌ಟಾಪ್ ಟೇಬಲ್ಲನ್ನು ನಾವ್ ಪಕ್ಕಕ್ಕೇ ಎಳೆದೆ. ಬೆರಳು ಹಿಡಿದರೂ ಒತ್ತಬೇಡ, ಮನಸ್ಸಲ್ಲಿ ಐದು ಎಣಿಸು ಅಂತ ಅವನಿಗೆ ಹೇಳಿಕೊಟ್ಟೆ. ಆ ಐದು ಎಣಿಸುವುದರೊಳಗೆ ನಾನು ಮೆಲ್ಲಗೆ "ಅಣ್ಣಾ, ಒತ್ತು" ಅನ್ನುತ್ತಿದ್ದೆ. ಮೂರು ಸೆಷನ್ ಏನೂ ಇಲ್ಲ. ಒಂದು ದಿನವಂತೂ ಸಿಟ್ಟು ಬಂದು ಟೇಬಲ್ಲನ್ನೇ ತಳ್ಳಿದ. ನಾಲ್ಕನೇ ಸಲ ಬೆರಳು ಹಿಡಿದ, ಕಾದ, ತಲೆ ಎತ್ತಿ ಅಣ್ಣನ ಮುಖ ನೋಡಿ "ಒತ್ತು" ಅಂದ.

ಮುಂದಿನದು ಬೇಗ ಆಯಿತು. ಅಣ್ಣನ ಕುರ್ಚಿಯಲ್ಲಿ ನಾನು ಕೂತೆ, ಆಮೇಲೆ ಅವರಮ್ಮನನ್ನು ಕೂರಿಸಿದೆ. ಮೂರು ತಿಂಗಳು ಮುಗಿದಾಗ ರೋಬೋಟ್ ವಾಪಸ್ ಹೋಯಿತು. ಹುಡುಗ ಎರಡು ದಿನ ಖಾಲಿ ಟೇಬಲ್ ಹತ್ತಿರ ಹೋಗಿ ನಿಂತ, ಆಮೇಲೆ ಬಿಟ್ಟ.

ಮೊನ್ನೆ ಅವರಮ್ಮ ಫೋನ್ ಮಾಡಿದ್ದರು. "ನಾವೆಲ್ಲ ಸ್ವಿಚ್ ಹಾಕು ಅಂತೀವಿ ಮೇಡಂ, ಇವ್ನು ಮಿಕ್ಸಿ ಹತ್ರ ಬಂದು ನನ್ನ ಮುಖ ನೋಡಿ 'ಅಮ್ಮ ಒತ್ತು' ಅಂತಾನೆ. ಎರಡೂ ಕಿವಿ ಮುಚ್ಕೊಂಡೇ ನಿಂತಿರ್ತಾನೆ. ಚಟ್ನಿ ರುಬ್ಬಿ ಆದ್ರೂ ಬಿಡಲ್ಲ."