ಕರ್ನಾಟಕ ವಿಶ್ವವಿದ್ಯಾಲಯದ ತಂಡಗಳನ್ನು ನಿಷ್ಠೆಯಿಂದ ಬೆಂಬಲಿಸುವ ಬಗೆ

1949ರಲ್ಲಿ ಮುಂಬೈಯಲ್ಲಿ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯದ ತಂಡಗಳ ಬೆನ್ನಿಗೆ ನಿಲ್ಲಬಯಸುವವರು ಮೊದಲು ಅಂತರ ಕಾಲೇಜು ಪಂದ್ಯಗಳಿಗೆ ಹೋಗಬೇಕು. ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರು ಸಾಮಾನ್ಯವಾಗಿ ಆಯ್ಕೆಯಾಗುವುದು ಅಲ್ಲಿಂದಲೇ. ಪತ್ರಿಕೆಗಳಲ್ಲಿ ಹೆಚ್ಚಾಗಿ ಬರುವುದು ಮುಗಿದ ಪಂದ್ಯದ ಫಲಿತಾಂಶವಾದ್ದರಿಂದ, ಸಮೀಪದ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಪರಿಚಯ ಮಾಡಿಕೊಂಡು ದಿನಾಂಕಗಳನ್ನು ಮೊದಲೇ ತಿಳಿದುಕೊಳ್ಳುವುದು ಲೇಸು.

ಕಬಡ್ಡಿ, ವಾಲಿಬಾಲ್‌ನಂತಹ ಆಟಗಳಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ದಕ್ಷಿಣ ವಲಯದ ಟೂರ್ನಿಯಲ್ಲಿ ಮುಂಚೂಣಿಗೆ ಬಂದ ತಂಡಗಳು ಅಖಿಲ ಭಾರತ ಹಂತಕ್ಕೆ ಏರುತ್ತವೆ. ಅಲ್ಲಿನ ಸಾಧನೆಯೇ 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ದಾರಿ. ಹೀಗಾಗಿ ವಲಯದ ಪಂದ್ಯ ನಮ್ಮ ರಾಜ್ಯದಲ್ಲೇ ನಡೆದರೆ ತಪ್ಪಿಸಿಕೊಳ್ಳಬಾರದು.

ಆಡಳಿತದ ಸಂಗತಿಗಳನ್ನು ಅರಿಯದೆ ಸೋಲು ಗೆಲುವುಗಳನ್ನು ತೂಗುವುದು ಸರಿಯಲ್ಲ. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದಿಂದ ಬೇರೆಯಾದವು. ಕುಸ್ತಿ, ಸೈಕ್ಲಿಂಗ್‌ಗಳಿಗೆ ಹೆಸರಾದ ಆ ಸೀಮೆಯ ಆಟಗಾರರೂ ಅವುಗಳೊಂದಿಗೆ ಹೋದರು. ಇಂದಿನ ತಂಡವನ್ನು ಅದಕ್ಕೂ ಹಿಂದಿನ ಪದಕಪಟ್ಟಿಯೊಂದಿಗೆ ಹೋಲಿಸಿ ಹಳಿಯುವ ಹಿರಿಯ ಅಭಿಮಾನಿಗಳು ಇದನ್ನು ಮರೆಯುತ್ತಾರೆ (ನೆನಪಿಸಿದರೆ ಸಿಟ್ಟಾಗುತ್ತಾರೆ). ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆಯ ತೀರ್ಮಾನಗಳನ್ನೂ ಆಯವ್ಯಯದಲ್ಲಿ ಕ್ರೀಡೆಗೆ ದೊರೆತ ಪಾಲನ್ನೂ ಗಮನಿಸಬೇಕು. ಆಟಗಾರರ ಪ್ರಯಾಣ, ದಿನಭತ್ಯೆ, ತರಬೇತಿ ಶಿಬಿರಗಳು ಅದನ್ನೇ ಅವಲಂಬಿಸಿರುತ್ತವೆ, ಮತ್ತು ಕೊರತೆ ಕಂಡಾಗ ಕುಲಸಚಿವರಿಗೆ ಲಿಖಿತ ಮನವಿ ಕೊಡಲು ಹಳೆಯ ವಿದ್ಯಾರ್ಥಿಗಳು ಹಿಂಜರಿಯಬೇಕಿಲ್ಲ.