ಆರೋಗ್ಯದ ಅಭ್ಯಾಸ ಹೊರೆಯಾಗದಂತೆ ರೂಢಿಸಿಕೊಳ್ಳುವುದು ಹೇಗೆ?

ವೈದ್ಯರು ಗದರಿದರೆಂದೋ ಮನೆಯವರು ಬೇಸರಪಟ್ಟುಕೊಂಡರೆಂದೋ ಶುರುವಾದ ವಾಕಿಂಗ್ ಬಹಳ ಸಲ ತಿಂಗಳು ತುಂಬುವ ಮೊದಲೇ ನಿಂತುಬಿಡುತ್ತದೆ. ಭಯಕ್ಕೋ ಅಪರಾಧಿ ಭಾವಕ್ಕೋ ಮಾಡುವ ಕೆಲಸಕ್ಕಿಂತ, ತಾನೇ ಆರಿಸಿಕೊಂಡು ಮನಸಾರೆ ಒಪ್ಪಿದ ಕೆಲಸ ಹೆಚ್ಚು ಕಾಲ ಬಾಳುತ್ತದೆ ಎಂಬುದು ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತದ ತಿರುಳು.

ಆದ್ದರಿಂದ ಮೊದಲು ಕಾರಣವನ್ನು ಬದಲಿಸಿಕೊಳ್ಳಿ. ಹತ್ತು ವರ್ಷದ ನಂತರ ಬರಬಹುದಾದ ಕಾಯಿಲೆಯನ್ನು ನೆನೆಯುವ ಬದಲು, ದಾವಣಗೆರೆಯ ಕುಂದವಾಡ ಕೆರೆಯ ದಂಡೆಯಲ್ಲಿ ನಡೆದುಬಂದ ದಿನ ಮಂಡಿಯ ಬಿಗಿತ ಎಷ್ಟು ಸಡಿಲವಾಯಿತು, ರಾತ್ರಿ ನಿದ್ದೆ ಹೇಗೆ ಬಂತು ಎಂಬುದನ್ನು ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮವನ್ನು ಸೂಚಿಸುತ್ತದೆ. ಅದನ್ನು ನಡಿಗೆಯಲ್ಲೇ ತೀರಿಸಬೇಕೆಂದಿಲ್ಲ, ಸೈಕಲ್ಲು, ಕೋಲಾಟ, ಹಿತ್ತಲಿನ ಅಗೆತ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬೇಸಿಗೆಯಲ್ಲಿ ಮಾತ್ರ ಬಿಸಿಲೇರುವ ಮೊದಲೇ ಮುಗಿಸಿ.

ಊಟದ ವಿಷಯದಲ್ಲಿ ಬೆಣ್ಣೆ ದೋಸೆಯನ್ನು ಶತ್ರುವಾಗಿ ಕಾಣಬೇಡಿ. ಅಪರೂಪಕ್ಕೊಮ್ಮೆ ಕುಳಿತು ನೆಮ್ಮದಿಯಿಂದ ತಿನ್ನಿ. ಆದರೆ ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ ಮರುದಿನ ಉಪವಾಸ ಮಾಡುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ಪದ್ಧತಿ, ಏಕೆಂದರೆ ಆಗ ಜೋಳದ ರೊಟ್ಟಿ, ಸೊಪ್ಪಿನ ಪಲ್ಯಗಳೂ ಶಿಕ್ಷೆಯಂತೆ ಕಾಣತೊಡಗುತ್ತವೆ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚದೊಳಗಿರಲಿ. ಸಂಜೆಯ ಮಿರ್ಚಿ ಮಂಡಕ್ಕಿಯ ಉಪ್ಪೂ ಅದರಲ್ಲೇ ಸೇರಿರಬೇಕು.

ಒಂದು ದಿನ ತಪ್ಪಿತೆಂದು ಕೈಬಿಡಬೇಡಿ. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗಬಹುದೆಂಬ ಅಂದಾಜು ಬಂತು. ನಡುವೆ ಒಮ್ಮೆ ತಪ್ಪಿದ್ದರಿಂದ ದೊಡ್ಡ ಹಿನ್ನಡೆಯೇನೂ ಆಗಲಿಲ್ಲ.

ಇದೆಲ್ಲ ಗೃಹಿಣಿಯರಿಗೆ ಹೇಳಿದಷ್ಟು ಸುಲಭವಲ್ಲ. ಎಲ್ಲರ ತಿಂಡಿ, ಡಬ್ಬಿ ಮುಗಿಸಿದ ಮೇಲೆ ಉಳಿದ ಹೊತ್ತೇ ತಮ್ಮದೆಂದು ನಂಬಿದವರಿಗೆ ಆ ಹೊತ್ತು ಎಂದೂ ಉಳಿಯುವುದಿಲ್ಲ. ಬೆಳಗಿನ ಅರ್ಧ ಗಂಟೆ ತನ್ನದೆಂದು ಮನೆಯಲ್ಲಿ ಮೊದಲೇ ತಿಳಿಸಿ, ಆ ಹೊತ್ತಿನ ಚಹಾ ಮತ್ತು ಮಕ್ಕಳ ಸಿದ್ಧತೆಯನ್ನು ಗಂಡನಿಗೋ ಬೆಳೆದ ಮಕ್ಕಳಿಗೋ ಹೆಸರು ಹಿಡಿದು ವಹಿಸಬೇಕು. ಇನ್ನು ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಈ ಆಯ್ಕೆಯ ಮಾತಿಗೆ ಒಳಪಡುವುದಿಲ್ಲ. ಅವುಗಳನ್ನು ವೈದ್ಯರು ಹೇಳಿದಂತೆಯೇ ತೆಗೆದುಕೊಳ್ಳಿ.