ಇಮೇಲ್ ಕ್ಲೌಡ್‌ಗೆ ಬಂತು, ವೆಬ್‌ಸೈಟ್‌ನ ವಿಚಾರಣೆಗಳು ಮಾತ್ರ ನಾಪತ್ತೆ

ನಮ್ಮ ಸಣ್ಣ ಕಂಪನಿಯ ಇಮೇಲನ್ನು ವೆಬ್‌ಹೋಸ್ಟಿಂಗ್ ಸರ್ವರ್‌ನಿಂದ ಕ್ಲೌಡ್ ಸೇವೆಗೆ ಸಾಗಿಸುವ ಕೆಲಸ ಬಹುಮಟ್ಟಿಗೆ ಸಲೀಸಾಗಿಯೇ ನಡೆಯಿತು. ಹಿಂದಿನ ದಿನವೇ ಎಂಎಕ್ಸ್ ದಾಖಲೆಯ (ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವುದು ಇದೇ) ಟಿಟಿಎಲ್ ಅನ್ನು, ಅಂದರೆ ಬೇರೆ ಸರ್ವರ್‌ಗಳು ಅದನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 3600 ಸೆಕೆಂಡಿನಿಂದ 300ಕ್ಕೆ ಇಳಿಸಿದ್ದರಿಂದ ಬದಲಾವಣೆ ಬೇಗ ಜಾರಿಗೆ ಬಂತು. ಹಳೆಯ ಪತ್ರಗಳು, ಸರ್ವರ್‌ನಲ್ಲಿರುವ ಮೇಲ್ ಓದಲು ಬಳಸುವ ಐಮ್ಯಾಪ್ ವಿಧಾನದ ಮೂಲಕ ಫೋಲ್ಡರ್ ಸಮೇತ ಬಂದವು. (ಸಂಪರ್ಕ ವಿಳಾಸಗಳೂ ಕ್ಯಾಲೆಂಡರೂ ಹಾಗೆ ಬರುವುದಿಲ್ಲ, ಬೇರೆಯಾಗಿಯೇ ತರಬೇಕು.)

ತಲೆನೋವು ಶುರುವಾದದ್ದು ಆಮೇಲೆ. ಹೊರಗಿನವರು ಕಳಿಸಿದ್ದೆಲ್ಲ ತಲುಪುತ್ತಿತ್ತು; ನಮ್ಮದೇ ವೆಬ್‌ಸೈಟ್‌ನ ಸಂಪರ್ಕ ಫಾರ್ಮಿನಿಂದ ಬರಬೇಕಾದ ವಿಚಾರಣೆಗಳು ಮಾತ್ರ ಪತ್ತೆಯಿಲ್ಲ. ಸ್ಪ್ಯಾಮ್‌ನಲ್ಲೂ ಇಲ್ಲ, ತಲುಪಲಿಲ್ಲವೆಂಬ ಸೂಚನೆಯೂ ಇಲ್ಲ. ಹಳೆಯ ಸರ್ವರ್‌ನ ಮೇಲ್ ಲಾಗ್ ತೆರೆದಾಗ ಗುಟ್ಟು ರಟ್ಟಾಯಿತು: ಪತ್ರಗಳೆಲ್ಲ ಅಲ್ಲಿನ ಹಳೆಯ ಮೇಲ್‌ಬಾಕ್ಸ್‌ಗೇ ಬೀಳುತ್ತಿದ್ದವು. ಈ ಡೊಮೇನ್‌ನ ಮೇಲ್ ತನ್ನದೇ ಎಂದು ನಂಬಿ ಕುಳಿತಿದ್ದ ಸರ್ವರ್, ಎಂಎಕ್ಸ್ ದಾಖಲೆ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಹೋಸ್ಟಿಂಗ್‌ನ ನಿಯಂತ್ರಣ ಫಲಕವಾದ ಸಿಪ್ಯಾನೆಲ್‌ನ ‘ಇಮೇಲ್ ರೂಟಿಂಗ್’ ಪುಟದಲ್ಲಿ ‘ಲೋಕಲ್ ಮೇಲ್ ಎಕ್ಸ್‌ಚೇಂಜರ್’ ಎಂದಿದ್ದುದನ್ನು ‘ರಿಮೋಟ್’ ಮಾಡಿದೆ. ಮುಂದಿನ ಪರೀಕ್ಷಾ ಪತ್ರ ತಕ್ಷಣ ಬಂತು. ಬಂದದ್ದು ಸ್ಪ್ಯಾಮ್ ಫೋಲ್ಡರಿಗೆ!

ಅದಕ್ಕೆ ಕಾರಣ ಎಸ್‌ಪಿಎಫ್, ಅಂದರೆ ನಮ್ಮ ಡೊಮೇನ್ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದೆಂದು ಹೇಳುವ ದಾಖಲೆ. ಹಳೆಯ ದಾಖಲೆಯ ಪಕ್ಕದಲ್ಲೇ ಹೊಸ ಸೇವೆಯದೂ ಕುಳಿತಿತ್ತು. ಒಂದು ಡೊಮೇನ್‌ಗೆ ಎರಡು ಎಸ್‌ಪಿಎಫ್ ದಾಖಲೆಗಳಿದ್ದರೆ ಎರಡೂ ಲೆಕ್ಕಕ್ಕಿಲ್ಲ. ವೆಬ್ ಸರ್ವರ್‌ನ ಐಪಿ ವಿಳಾಸವನ್ನೂ ಹೊಸ ಸೇವೆಯ ಸರ್ವರ್‌ಗಳಿಗೆ ಅನುಮತಿ ಕೊಡುವ ‘ಇನ್‌ಕ್ಲೂಡ್’ ಭಾಗವನ್ನೂ ಒಂದೇ ಸಾಲಿಗೆ ತಂದೆ, ಪತ್ರಗಳ ಡಿಜಿಟಲ್ ಸಹಿಯನ್ನು ಪರೀಕ್ಷಿಸಲು ಬೇಕಾದ ಡಿಕೆಐಎಂ ಕೀಲಿಯನ್ನೂ ಸೇರಿಸಿದೆ. ಆಮೇಲೆ ಇನ್‌ಬಾಕ್ಸ್‌ಗೇ ಬರತೊಡಗಿದವು.

ಹಳೆಯ ಮೇಲ್‌ಬಾಕ್ಸ್‌ನಲ್ಲಿ ಸಿಕ್ಕಿಕೊಂಡಿದ್ದ ವಿಚಾರಣೆಗಳನ್ನು ಮತ್ತೊಮ್ಮೆ ಐಮ್ಯಾಪ್‌ನಿಂದ ಎಳೆದುಕೊಂಡು ಮಾರಾಟ ವಿಭಾಗಕ್ಕೆ ಒಪ್ಪಿಸಿದೆ. ಹಳೆಯ ಖಾತೆಗಳನ್ನು ಇನ್ನೂ ಅಳಿಸಿಲ್ಲ. ಕಚೇರಿಯ ಸ್ಕ್ಯಾನರ್ ಈಗಲೂ ಅದೇ ಸರ್ವರ್ ಮೂಲಕ ಕಡತ ಕಳಿಸುತ್ತಿದೆ, ಅದನ್ನು ಮೊದಲು ಬದಲಿಸಬೇಕು.